ಗೇಟಿನ ಹತ್ತಿರದ ಮಾತು

ಕಿರ್ರ್ ಎಂದು ಅರ್ಧ ತೆರೆದು ಹಾಗೆಯೇ ನಿಂತುಬಿಡುವ ಕಬ್ಬಿಣದ ಗೇಟಿನ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಗೇಟು ಪೂರ್ತಿ ತೆರೆದರೆ ಬಂದವರು ಹೋದರು ಎಂದರ್ಥ. ಅರ್ಧಕ್ಕೆ ನಿಂತರೆ, ಬಂದವರು ಇದೀಗ ಬಂದ ಕೆಲಸ ಹೇಳುತ್ತಾರೆ ಎಂದರ್ಥ. ನಮ್ಮ ಧಾರವಾಡದಲ್ಲಿ ಯಾರ ಮನೆಗಾದರೂ ಹೋದರೆ ಮೊದಲು ನೀರು, ಆಮೇಲೆ ಚಹಾ, ಚೂಡಾ, ಮಳೆ, ಮೊಣಕಾಲು ನೋವು, ಯಾರದೋ ಮಗಳ ನಿಶ್ಚಯ. ಇಷ್ಟೆಲ್ಲ ಮುಗಿದು, ಚಪ್ಪಲಿ ಮೆಟ್ಟಿ, ಗೇಟಿಗೆ ಕೈ ಹಚ್ಚಿದಾಗ "ಅಂದಂಗ..." ಎಂದು ಖರೇ ಮಾತು ಹೊರಬೀಳುತ್ತದೆ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರ್ ನನಗೆ "ಕಮ್ ಟು ದಿ ಪಾಯಿಂಟ್, ಚೈಲ್ಡ್" ಎಂದು ಹೇಳಿಕೊಟ್ಟಿದ್ದರು. ಮನೆಗೆ ಬಂದು ಅಜ್ಜಿಯ ಮುಂದೆ ಸೀದಾ ಪಾಯಿಂಟಿಗೆ ಬಂದರೆ, "ಆ ಸಾಲ್ಯಾಗ ಹುಡುಗೀಗೆ ರೀತಿ ರಿವಾಜು ಏನೂ ಕಲಸಂಗಿಲ್ಲೇನ?" ಎಂದು ಅಮ್ಮನಿಗೆ ಬೈಗುಳ. ನನ್ನ ಶಿಕ್ಷಣ ಹೀಗೆ ಅತ್ತಲೂ ಅಲ್ಲ, ಇತ್ತಲೂ ಅಲ್ಲ.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸ್ವೆಟರ್ ಹೆಣೆದೆ, ಹಾಕಿಕೊಳ್ಳುವವರು ಸಿಗಲಿಲ್ಲ. ಆಗ ನಮ್ಮ ಯಜಮಾನರಿಗೆ ಪರಿಚಯದ ಕಾನೂನು ಪ್ರಾಧ್ಯಾಪಕರೊಬ್ಬರು ತಮ್ಮ ಪಿಎಚ್.ಡಿ. ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ನನ್ನ ಬಳಿ ಕಳಿಸತೊಡಗಿದರು. "ಹುಡುಗರ ವಿಚಾರ ಛಲೋ ಅದಾವ್ರಿ, ಜರ್ನಲ್‌ನವರು ತೊಗೊಳ್ಳವಲ್ರು. ಇಂಗ್ಲಿಷ್ ಸ್ವಲ್ಪ ನೋಡ್ರಿ" ಎಂದರು. ವಿಷಯವೋ ಅಪರಾಧ, ಕಾನೂನು, ಜೊತೆಗೆ ಆರ್ಟಿಫಿಷಿಯಲ್ ಇಂಟೆಲಿಜೆನ್ಸ್! ಅಪರಾಧದ ಬಗ್ಗೆ ನನಗೆ ಪೇಪರಿನಲ್ಲಿ ಬಂದಷ್ಟು ಗೊತ್ತಿತ್ತು. ಕಾನೂನು, ಊಟಕ್ಕೆ ಕುಳಿತಾಗ ಯಜಮಾನರು ಗೊಣಗಿದಷ್ಟು. ಕಂಪ್ಯೂಟರ್ ಬಗ್ಗೆಯಂತೂ, ಅದಿರುವ ಕೋಣೆಯ ಹೊರಗೆ ಚಪ್ಪಲಿ ಬಿಡಬೇಕು ಎಂಬುದಷ್ಟೇ. ವಕೀಲಿ ಬಿಟ್ಟು ಜೋಕಾಲಿ ಹಿಡಿದಿದ್ದ ಯಜಮಾನರು, "ಕೋರ್ಟಿನ್ಯಾಗ ಇದ್ದ ಬುದ್ಧೀನ ನಡ್ಯಂಗಿಲ್ಲ, ಇನ್ನ ಕೃತಕ ಬುದ್ಧಿ ತೊಗೊಂಡು ಏನ್ ಮಾಡ್ತಾರ?" ಎಂದು ನಕ್ಕರು.

ಆ ಹುಡುಗರ ಇಂಗ್ಲಿಷ್ ಅಷ್ಟೇನೂ ಕೆಟ್ಟಿರಲಿಲ್ಲ. ಆದರೆ ಒಂದೊಂದು ಪ್ರಬಂಧವೂ ಥೇಟ್ ಧಾರವಾಡದ ಅತಿಥಿ. ಪ್ರಾಚೀನ ರಾಜರ ನ್ಯಾಯದಾನದಿಂದ ಶುರು. ಆಮೇಲೆ ಸಂವಿಧಾನದ ಕುಶಲ, ಹಿರಿಯ ವಿದ್ವಾಂಸರಿಗೆಲ್ಲ ಸರದಿಯ ಮೇಲೆ ನಮಸ್ಕಾರ, ಜಗತ್ತಿನ ಮೊದಲ ಕಂಪ್ಯೂಟರ್ ಎಷ್ಟು ದೊಡ್ಡದಿತ್ತು ಎಂಬ ಬೆರಗು. ಓದುತ್ತ ಓದುತ್ತ ನನಗೆ ಆಕಳಿಕೆ. ಕೊನೆಯ ಪುಟದ ಕೊನೆಯ ಪ್ಯಾರಾದಲ್ಲಿ, ಗೇಟಿಗೆ ಕೈ ಹಚ್ಚಿದಂತೆ, ಖರೇ ಮಾತು.

ಶಿವಲೀಲಾ ಬಂದದ್ದು ಹೀಗೆಯೇ. ತಾಲೂಕಿನ ಒಂದು ಹಳ್ಳಿಯವಳು, ತಂದೆಗೆ ಕಾಳಿನ ವ್ಯಾಪಾರ. ಅವಳ ಪ್ರಬಂಧ ಜರ್ನಲ್‌ನಿಂದ ಎರಡು ಸಲ ವಾಪಸ್ ಬಂದಿತ್ತು.

"ಅಕ್ಕೋರ, ಈ ಸಲಾನೂ ತೊಗೊಳ್ಳಲಿಲ್ಲಂದ್ರ ಫೆಲೋಶಿಪ್ ನಿಲ್ಲತೈತ್ರಿ. ಆಮ್ಯಾಗ ಅಪ್ಪನ ಅಂಗಡ್ಯಾಗ ಕುಂತು ಕಡ್ಲಿ ಹಸನ ಮಾಡೋದು" ಎಂದಳು. ಚಹಾ ಮುಗಿಸಿ, ಗೇಟಿನ ಹತ್ತಿರ ನಿಂತು.

ಜಾಮೀನು ಕೊಡಬೇಕೋ ಬೇಡವೋ ಎಂದು ಜಡ್ಜ್ ಸಾಹೇಬರಿಗೆ ಸಲಹೆ ಕೊಡುವ ಯಂತ್ರದ ಬಗ್ಗೆ ಅವಳು ಬರೆದಿದ್ದಳು. ಕೊನೆಯ ಪುಟ ತೆಗೆದೆ. ಒಂದೂರಿನಲ್ಲಿ ಎಲ್ಲೇ ಕಳವಾದರೂ ಪೊಲೀಸರು ಮೊದಲು ಒಂದೇ ಓಣಿಗೆ ಹೋಗುತ್ತಾರೆ. ಹೋದ ಓಣಿಯಲ್ಲಿ ಕೇಸು ಬೆಳೆಯುತ್ತವೆ, ಹೋಗದ ಓಣಿ ಕಾಗದದ ಮೇಲೆ ಶುದ್ಧವಾಗಿ ಉಳಿಯುತ್ತದೆ. ಆ ಹಳೆಯ ಫೈಲುಗಳನ್ನೇ ಓದಿ ಕಲಿತ ಯಂತ್ರ ನಾಳೆ ಅದೇ ಓಣಿಯ ಕಡೆ ಬೆರಳು ತೋರಿಸುತ್ತದೆ, ಮತ್ತು ಜನ ಅದನ್ನು ವಿಜ್ಞಾನ ಎಂದು ನಂಬುತ್ತಾರೆ. ಓದುತ್ತಿದ್ದಂತೆ ನನ್ನ ಕನ್ನಡಕ ಮೂಗಿನ ತುದಿಗೆ ಬಂತು.

"ಮೈ ಡಿಯರ್ ಗರ್ಲ್, ಇಂಥಾ ಮಾತು ಕಡೀಕ್ಯಾಕ ಇಟ್ಟೀ?"

"ನಮ್ಮ ಗೈಡ್ ಸರ್ ತಮ್ಮ ಪುಸ್ತಕದಾಗ ಯಂತ್ರಕ್ಕ ಪಕ್ಷಪಾತ ಇರಂಗಿಲ್ಲ ಅಂತ ಬರದಾರ್ರಿ. ನಾ ಬಾಗಲದಾಗ ನಿಂತು, ಇಲ್ರೀ ನಿಮ್ಮದು ತಪ್ಪೈತಿ ಅಂದ್ರ ಹೆಂಗ್ರಿ ಅಕ್ಕೋರ?"

ಜೋಕಾಲಿಯಿಂದ ದನಿ ಬಂತು. "ನನ್ನ ಕಕ್ಷಿದಾರರೂ ಹಿಂಗ ನೋಡವ್ವಾ. ಕೇಸ್ ಸೋತು ಕೋರ್ಟಿನ ಮೆಟ್ಟಲಾ ಇಳಿಯೂಮುಂದ ಖರೇ ಸಾಕ್ಷಿ ಹೆಸರು ಹೇಳ್ತಿದ್ರು."

ಅವಳಿಗೂ ನಗು ಬಂತು. ಕೊನೆಯ ಪುಟವನ್ನು ಮೊದಲಿಗೆ ತಂದೆವು. ಉಳಿದದ್ದಕ್ಕೆ ನಾನು ಕೆಂಪು ಪೆನ್ನು ಹಿಡಿದಾಗ ಮಾತ್ರ ಅವಳ ಕಣ್ಣು ತುಂಬಿತು. "ಅಕ್ಕೋರ, ರಾಜನ್ನರ ಉಳಸ್ರಿ!" "ಅಂವಗೇನು ಕಂಪ್ಯೂಟರ್ ಗೊತ್ತಿತ್ತೇನ? ಮನಿಗೆ ಹೋಗ್ಲಿ ಬಿಡು" ಎಂದು ರಾಜನನ್ನು ಸೈನ್ಯಸಮೇತ ಕಳಿಸಿಬಿಟ್ಟೆ. ಆದರೆ ಪ್ರಾಧ್ಯಾಪಕರಿಗೆ ಅದನ್ನು ತೋರಿಸಲು ಅವಳು ಹೋದ ದಿನ ನನಗೇ ಊಟ ಸೇರಲಿಲ್ಲ. ಮುಖ್ಯ ಮಾತು ಮೊದಲ ಸಾಲಿನಲ್ಲೇ ಬರಬೇಕು ಎಂಬ ನನ್ನ ಟಾಪಿಕ್ ಸೆಂಟೆನ್ಸು ಹುಡುಗಿಯ ಅನ್ನಕ್ಕೆ ಕಲ್ಲು ಹಾಕಿತೋ ಏನೋ.

ಸಂಜೆ ಬಂದು ಹೇಳಿದಳು. ಪ್ರಾಧ್ಯಾಪಕರು ಮೊದಲ ಪುಟವನ್ನು ಎರಡು ಸಲ ಓದಿದರಂತೆ. ಆಮೇಲೆ, "ನಂದು ತಪ್ಪು ಅಂತ ಮೊದಲ ಹೇಳಿದ್ದು ಛಲೋ ಆತವಾ. ಕಡೀಕ ಹೇಳಿದ್ರ ನಾ ಅಲ್ಲೀತನಕಾ ಓದ್ತಿದ್ದಿಲ್ಲ" ಎಂದರಂತೆ! ಜರ್ನಲ್‌ನವರೂ ತೊಗೊಂಡರು. ಆಮೇಲೆ ಎಷ್ಟೋ ಹುಡುಗರು ಬಂದರು, ಎಷ್ಟೋ ರಾಜರು ಮನೆಗೆ ಹೋದರು.

ಯಜಮಾನರು ತೀರಿಕೊಂಡ ಮೇಲೆ ಜೋಕಾಲಿ ಖಾಲಿಯಾಯಿತು. ಗೇಟಿನ ಸದ್ದು ಮಾತ್ರ ನಿಲ್ಲಲಿಲ್ಲ. ಆ ಹುಡುಗರು ನಿಲ್ಲಗೊಡಲಿಲ್ಲ. ಅವರಿಗೆ ನಾನು ಕಾಮಾ ಹಾಕಿಕೊಟ್ಟೆ, ಅಷ್ಟೇ. ಅವರು ನನಗೆ ಬೆಳಿಗ್ಗೆ ಏಳಲು ಒಂದು ಕಾರಣ ಕೊಟ್ಟರು. ಎಲ್ಲರಿಗಿಂತ ಹೆಚ್ಚಾಗಿ ಶಿವಲೀಲಾ.

ಒಂದು ದಿನ ಅವಳು ಹಸಿ ಕಡ್ಲಿ ಗಿಡದ ಸೂಡು ಹಿಡಿದು ಬಂದಳು. ಚಪ್ಪಲಿ ಕಳೆಯುವ ಮೊದಲೇ, "ಅಕ್ಕೋರ, ಕಲಬುರಗ್ಯಾಗ ಲೆಕ್ಚರರ್ ಕೆಲಸ ಸಿಕ್ತು, ನಾಳೆ ಹೊಂಟೇನಿ. ನೀವಿಲ್ಲಂದ್ರ ಇದು ಆಗ್ತಿದ್ದಿಲ್ರಿ" ಎಂದಳು. ಬಾಗಿಲಲ್ಲೇ, ಮೊದಲ ಸಾಲಿನಲ್ಲೇ! ಸಿಸ್ಟರ್ ಇದ್ದಿದ್ದರೆ ಚಪ್ಪಾಳೆ ತಟ್ಟುತ್ತಿದ್ದರು. ಅವಳಿಗೆ ಹೇಳುವ ಮಾತು ನನ್ನಲ್ಲೂ ಇತ್ತು. ಮೇಲೆ ನಿಮಗೆ ಹೇಳಿದೆನಲ್ಲ, ಬೆಳಿಗ್ಗೆ ಏಳುವ ಕಾರಣ, ಅದೇ. ನೀರು ಕೊಟ್ಟೆ. ಚಹಾ ಮಾಡಿದೆ. ಚೂಡಾ ಹಾಕಿದೆ. ಕಡ್ಲಿ ಸುಲಿಯುತ್ತ ಅವಳ ತಂದೆಯ ಬಿ.ಪಿ. ಕೇಳಿದೆ, ಬಾಡಿಗೆ ಮನೆಯ ನೀರು ಕೇಳಿದೆ, ನನ್ನ ಮೊಣಕಾಲಿನ ಸಮಾಚಾರ ಹೇಳಿದೆ. ಕೊನೆಗೆ ಅವಳನ್ನು ಕಳಿಸಲು ಹೋಗಿ ಗೇಟಿಗೆ ನಾನೇ ಕೈ ಹಚ್ಚಿದೆ. ಕಿರ್ರ್ ಎಂದು ಅರ್ಧಕ್ಕೆ ನಿಂತಿತು. ಆ ಸದ್ದಿನ ಅರ್ಥ ಅವಳಿಗೂ ಗೊತ್ತಲ್ಲ, ಕಾಯುತ್ತ ನಿಂತಳು.

"ಅಂದಂಗ..." ಎಂದೆ.

"ಏನ್ರಿ ಅಕ್ಕೋರ?"

"ಅಲ್ಲಿ ಬಿಸಲು ಭಾಳವ್ವಾ. ಛತ್ರಿ ಒಯ್ಯಿ."

ಅವಳು ನಕ್ಕಳು, ಕಾಲು ಮುಟ್ಟಿದಳು, ಗೇಟನ್ನು ಪೂರ್ತಿ ತೆರೆದು ನಡೆದಳು. ಅವಳನ್ನು ನಾನು ನೋಡಿದ್ದು ಅದೇ ಕೊನೆ.