ಒಂದು ಲೋಟ ಮಜ್ಜಿಗೆಯ ಅಪರಾಧ

ಕೃಷ್ಣಾ ತ್ರಿವಿಕ್ರಮ ಸ್ಪರ್ಧಾ ಸಮಿತಿಯ ಮುಖ್ಯ ತೀರ್ಪುಗಾರರ ಸನ್ನಿಧಾನಕ್ಕೆ,

ಮಾನ್ಯರೇ,

ವರ್ಷಕ್ಕೊಮ್ಮೆ, ಒಂದೇ ದಿನದಲ್ಲಿ, ಮನುಷ್ಯರನ್ನು ಹೊಳೆಯಲ್ಲಿ ಈಜಿಸಿ, ಸೈಕಲ್ ತುಳಿಸಿ, ಅಷ್ಟಾದ ಮೇಲೂ ಜೀವ ಉಳಿದಿದ್ದರೆ ಊರಿಂದೂರಿಗೆ ಓಡಿಸಿ, ಕೊನೆಗೆ ಕೊರಳಿಗೊಂದು ಪದಕ ಹಾಕಿ ಮನೆಗೆ ಕಳಿಸಿಕೊಡುವ ತಮ್ಮ ಘನ ಸಮಿತಿಗೆ ಕಬ್ಬೂರಿನ ಸುಗಂಧಾ ನೇಮಿನಾಥ ಮಗದುಮ್ಮಳ ನಮಸ್ಕಾರಗಳು. ಬಹಳ ವರ್ಷ ಮಹಿಳಾ ಮಂಡಳದ ಕಾರ್ಯದರ್ಶಿಯಾಗಿ ಕರೆಂಟಿನವರಿಗೂ ನಳದವರಿಗೂ ಅರ್ಜಿ ಬರೆದು ಕೈ ಪಳಗಿರುವುದರಿಂದ, ಎಷ್ಟೇ ಸಿಟ್ಟು ಬಂದಿದ್ದರೂ 'ಮಾನ್ಯರೇ' ಎಂದೇ ಬರೆಯುವುದು ನನಗೆ ರೂಢಿಯಾಗಿದೆ. ಈಗ ನನಗೆ ಸಿಟ್ಟು ಬಂದಿದೆ, ಮಾನ್ಯರೇ.

ವಿಷಯ ನನ್ನ ಸೊಸೆ ತೃಪ್ತಿಯದು. ತಾವು ಅವಳನ್ನು ಒಂದು ನಂಬರಾಗಿ ಮಾತ್ರ ಬಲ್ಲಿರಾದ್ದರಿಂದ ಪರಿಚಯ ಹೇಳುತ್ತೇನೆ. ಉಗಾರ ಬುದ್ರುಕದ ಹೊಳೆದಂಡೆಯಲ್ಲಿ ಹುಟ್ಟಿ, ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿಕೊಂಡು ಈಜು ಕಲಿತ ಹುಡುಗಿ. ನಮ್ಮ ಮನೆ ತುಂಬಿದ ಮೇಲೆ, ಡೇರಿಗೆ ಹಾಲು ಹಾಕಲು ಹೋದ ಸೈಕಲ್ಲಿನಲ್ಲೇ ಹಾಗೇ ಚಿಕ್ಕೋಡಿಯವರೆಗೂ ಹೋಗಿ ಬರುವ ಚಟ ಹಚ್ಚಿಕೊಂಡಳು. "ಸುಗಂಧಕ್ಕಾ, ನಿಮ್ಮ ಸೊಸಿಗಿ ಯಾರರ ಬೆನ್ನ ಹತ್ಯಾರೇನು?" ಎಂದು ಓಣಿಯ ಹೆಂಗಸರು ಕೇಳಿದರೆ, "ಹೌದಬೇ, ನಾನs ಹತ್ತೀನಿ, ಸಾಕೇನು?" ಎಂದು ಬಾಯಿ ಮುಚ್ಚಿಸಿದವಳು ನಾನು. ತಮ್ಮ ಸ್ಪರ್ಧೆಯ ಮೊದಲ ವರ್ಷ ಕಾಗವಾಡದ ಹತ್ತಿರ ಅವಳ ಸೈಕಲ್ಲಿನ ಚೈನು ಹರಿಯಿತು. ಎರಡನೇ ವರ್ಷ ಚಿಕ್ಕೋಡಿ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತೆಂದು ತಾವು ತಡೆದಿರಿ. ಈ ಮೂರನೇ ವರ್ಷವಾದರೂ ರಾಯಬಾಗದ ಆ ಕಮಾನಿನ ಕೆಳಗೆ ಹಾದು, ಓಟ ಮುಗಿಸಿದವರ ಹೆಸರುಗಳಲ್ಲಿ ತನ್ನದೂ ಒಂದು ಇರಬೇಕು ಎಂಬುದಷ್ಟೇ ಅವಳ ಆಸೆಯಾಗಿತ್ತು.

ತಮ್ಮ ವ್ಯವಸ್ಥೆಯನ್ನು ಹೊಗಳಲು ನನ್ನ ಹತ್ತಿರ ಇರುವ ಕನ್ನಡ ಸಾಲದು. ಕೃಷ್ಣೆಯಲ್ಲಿ ಸ್ಪರ್ಧಿಗಳನ್ನು ಇಳಿಸುವ ಮುನ್ನ ಅಲ್ಲಿನ ಮೊಸಳೆಗಳಿಗೆ ತಾವು ಯಾವ ಭಾಷೆಯಲ್ಲಿ ತಿಳಿಸಿದಿರೋ ಗೊತ್ತಿಲ್ಲ, ಅವು ಶಿಸ್ತಾಗಿ ಆ ಕಡೆ ದಂಡೆಯಲ್ಲೇ ಬಿಸಿಲು ಕಾಯಿಸಿಕೊಂಡವು. ಕಾಗವಾಡದಿಂದ ಅಥಣಿಯವರೆಗೆ ಕಂಬಕ್ಕೊಂದರಂತೆ ಅತಿಥಿಗಳ ಫೋಟೋ ಕಟ್ಟಿದ್ದರಿಂದ ಸೈಕಲ್ಲಿನವರಿಗೆ ದಾರಿ ತಪ್ಪುವ ಪ್ರಶ್ನೆಯೇ ಬರಲಿಲ್ಲ. ನಮ್ಮ ಮನೆಯ ಕಟ್ಟೆಯ ಎದುರಿಗೇ ನೀರಿನ ಟೇಬಲ್ಲು ಹಾಕಿಸಿದ್ದಿರಿ. ಅದನ್ನು ಕಂಡು ನನಗೆ ಎಷ್ಟು ಸಮಾಧಾನವಾಗಿತ್ತು ಎಂಬುದನ್ನು ತಿಳಿಯಲು ತಾವು ನಮ್ಮ ಮನೆಯ ಒಂದು ನೇಮವನ್ನು ತಿಳಿಯಬೇಕು.

ನಾವು ಜೈನರು. ಸೂರ್ಯ ಮುಳುಗಿದ ಮೇಲೆ ನನ್ನ ಸೊಸೆ ಊಟ ಹಾಗಿರಲಿ, ಮರುದಿನ ಸೂರ್ಯ ಹುಟ್ಟುವವರೆಗೆ ನೀರನ್ನೂ ಮುಟ್ಟುವುದಿಲ್ಲ. ನಾನಾದರೋ ಮೊಣಕಾಲಿನ ಗುಳಿಗೆ ನುಂಗಲು ರಾತ್ರಿ ಒಂದು ಗುಟುಕು ನೀರು ಕುಡಿದು, ಬಸದಿಯ ಕಡೆ ಮುಖ ಮಾಡದೆ ಮಲಗುವವಳು. ಅವಳು ಹಾಗಲ್ಲ, ಹಿಡಿದರೆ ಹಿಡಿದಳೇ. ತಮ್ಮ ಓಟ ಮುಗಿಯುವುದು ಕತ್ತಲಾದ ಮೇಲೆ. ಹಾಗಾಗಿ ಚಿಕ್ಕೋಡಿಯಿಂದ ಓಡುತ್ತ ಬಂದು, ಹೊತ್ತು ಮುಳುಗುವ ಮೊದಲು ಕಬ್ಬೂರಿನ ಟೇಬಲ್ಲಿನಲ್ಲಿ ಹೊಟ್ಟೆ ತುಂಬ ನೀರು ಕುಡಿದು, ಅಲ್ಲಿಂದ ರಾಯಬಾಗದವರೆಗೆ ಒಣ ಬಾಯಿಯಲ್ಲಿ ಓಡುವುದು ಎಂದು ಅವಳು ತಿಂಗಳುಗಟ್ಟಲೆ ಲೆಕ್ಕ ಹಾಕಿಟ್ಟಿದ್ದಳು.

ಆದರೆ ಇಳಿಹೊತ್ತಿಗೆ ತಮ್ಮ ಸ್ವಯಂಸೇವಕ ದಶರಥ ಬಂದು ಟೇಬಲ್ಲು ಮಡಚಿ, ನೀರಿನ ಕ್ಯಾನುಗಳ ಸಮೇತ ಟೆಂಪೊಗೆ ಏರಿಸಿದ. "ಯಾಕೋ ತಮ್ಮಾ?" ಎಂದರೆ, "ರಾಯಬಾಗಕ್ಕ ಪಾವ್ಣ್ಯಾರು ಬಂದಾರ್ರಿ ಅಕ್ಕಾರ, ಶಾಲು ಹಾರ ಇಡಾಕ ಟೇಬಲ್ ಕಡಿಮಿ ಬಿದ್ದಾವಂತ" ಎಂದ. ಅತಿಥಿಗಳ ಹಾರ ನೆಲಕ್ಕೆ ತಾಗಬಾರದು ಎಂಬ ತಮ್ಮ ಕಾಳಜಿ ಕಂಡು ನನ್ನ ಕಣ್ಣು ಒದ್ದೆಯಾದವು. ಓಡುವವರ ಗಂಟಲಿನ ವಿಷಯ ಬೇರೆ ಬಿಡಿ, ಅದಕ್ಕೆ ಯಾರು ಶಾಲು ಹೊದಿಸುತ್ತಾರೆ?

ಸೂರ್ಯ ಕಬ್ಬಿನ ತುದಿ ಮುಟ್ಟಿದಾಗ ತೃಪ್ತಿ ಬಂದಳು. ತುಟಿ ಒಡೆದು ಬೆಳ್ಳಗಾಗಿದ್ದವು. ಟೇಬಲ್ಲು ಇದ್ದ ಜಾಗವನ್ನು ನೋಡಿದಳು, ಆಕಾಶ ನೋಡಿದಳು, ಓಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ನಾನು ಮನೆಯೊಳಗಿಂದ ಒಂದು ಲೋಟ ಮಜ್ಜಿಗೆ ತಂದು, ಅರ್ಧ ಸೀರೆಗೆ ಚೆಲ್ಲಿಕೊಂಡು, ಉಳಿದರ್ಧವನ್ನು ಅವಳ ಜೊತೆಗೇ ಓಡಿ ಕೈಗಿತ್ತೆ. "ಕುಡಿಯವ್ವಾ, ಇನ್ನೂ ಮುಳುಗಿಲ್ಲ" ಎಂದೆ. ಕುಡಿದಳು. ಅಷ್ಟೇ, ಮಾನ್ಯರೇ, ನಡೆದದ್ದು.

ಹಿಂದೆಯೇ ಬೈಕಿನಲ್ಲಿ ಬಂದ ತಮ್ಮ ಬಿಳಿ ಟೋಪಿಯ ತೀರ್ಪುಗಾರರು ಸೀಟಿ ಊದಿ, "ಕಾಕೂ, ಹೇ ಚಾಲಣಾರ ನಾಹೀ" ಎಂದರು. ನಡೆಯುವುದಿಲ್ಲವಂತೆ. "ನಡೀತೈತಿ ತಗೋರಿ, ಬಿಸಲಾಗ ಬಂದೀರಿ, ನೀವೂ ಒಂದ ಲೋಟ ಕುಡೀರಿ" ಎಂದು ಒಳಗಿಂದ ತಂದು ಅವರಿಗೂ ಕೊಟ್ಟೆ. ಅವರು ಕುಡಿದು, ಮೀಸೆ ಒರೆಸಿಕೊಂಡು, ಒರೆಸಿದ ಅದೇ ಕೈಯಿಂದ ನನ್ನ ಸೊಸೆಯ ನಂಬರು ಬರೆದುಕೊಂಡು ಹೋದರು. ಕತ್ತಲಲ್ಲಿ ರಾಯಬಾಗ ಮುಟ್ಟಿ, ಕಮಾನಿನ ಕೆಳಗೆ ಹಾದು ನಿಂತ ಹುಡುಗಿಯ ಕಾಲಿಗೆ ಹೊತ್ತು ಅಳೆಯಲು ಕಟ್ಟಿದ್ದ ಪಟ್ಟಿ ಬಿಚ್ಚಿಕೊಂಡು ತಾವು ಹೇಳಿದ್ದು ಒಂದೇ ಮಾತು: ಹೊರಗಿನವರ ನೆರವು ಪಡೆದದ್ದರಿಂದ ಅನರ್ಹ.

ಸೊಸೆ ನನ್ನವಳು, ಎಮ್ಮೆ ನನ್ನದು, ಮಜ್ಜಿಗೆ ನನ್ನದು, ಕಟ್ಟೆ ನನ್ನದು. ನಾನು ಸ್ಪರ್ಧೆಯ ಕಡೆ ಹೋದವಳಲ್ಲ, ಸ್ಪರ್ಧೆಯೇ ನನ್ನ ಬಾಗಿಲಿಗೆ ಬಂದದ್ದು. ಆದರೂ ತಾವು ತಿಳಿದವರು, ನಾನು ವಾದಿಸುವುದಿಲ್ಲ.

ವಾದಿಸುವುದಿಲ್ಲ, ಕಲಿಯಲು ಕೇಳುತ್ತೇನೆ. ಕಾರ್ಖಾನೆಗೆ ಕಬ್ಬು ಸಾಗಿಸುವ ನಮ್ಮೂರ ಟ್ರ್ಯಾಕ್ಟರಿನ ಕಾಮಣ್ಣ ಹೇಳುವ ಪ್ರಕಾರ, ಅಥಣಿ ರಸ್ತೆಯಲ್ಲಿ ತಮ್ಮ ಮೊದಲ ಬಹುಮಾನದ ವೀರರು ಗಾಳಿ ತಪ್ಪಿಸಿಕೊಳ್ಳಲು ಅವನ ಟ್ರಾಲಿಯ ಬೆನ್ನಿಗೇ ಸೈಕಲ್ ತುಳಿದರಂತೆ. "ಸುಮ್ನರ ಬಂದ್ರ ಅಡ್ಡಿ ಇರಲಿಲ್ರಿ, ಒಂದ ಕಬ್ಬ ಹಿರಕೊಂಡ ತಿನಕೋತ ಬಂದಾನ" ಎಂದು ಅವನ ದೂರು. ಹಾಗಾದರೆ ಮಾನ್ಯರೇ, ಕದ್ದು ತಿಂದರೆ ಅದು ಸ್ವಾವಲಂಬನೆ, ಕೊಟ್ಟದ್ದನ್ನು ಕುಡಿದರೆ ಅದು ಅಪರಾಧ ಎಂದು ನಾನು ತಿಳಿದುಕೊಳ್ಳಬಹುದೇ? ಹಾಗೆಯೇ ನನ್ನ ಮಜ್ಜಿಗೆ ಕುಡಿದ ಬಿಳಿ ಟೋಪಿಯವರು ಅರ್ಹರಾಗಿ ಉಳಿದರೇ, ಅಥವಾ ಅವರ ಟೋಪಿಯನ್ನೂ ಬಿಚ್ಚಿಸಿಕೊಂಡಿರಾ?

ಮುಂದಿನ ವರ್ಷಕ್ಕೆ ನನ್ನ ಕೆಲವು ಸಣ್ಣ ವಿನಂತಿಗಳಿವೆ. ಟೇಬಲ್ಲಿನ ಕೊರತೆ ಹೀಗೇ ಇರುವುದಾದರೆ, ಕೊನೆಯ ಹಾರ ಹಾಕಿ ಮುಗಿಯುವವರೆಗೆ ಮುಳುಗಬಾರದೆಂದು ಸೂರ್ಯನಿಗೆ ಸಮಿತಿಯ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಹಾಕಬೇಕು. ಅವನು ಕೇಳದಿದ್ದರೆ ಅನರ್ಹಗೊಳಿಸಿ, ತಮಗದು ಕಷ್ಟವಲ್ಲ. ಅದೂ ಆಗದಿದ್ದರೆ ಆ ಒಂದು ದಿನದ ಮಟ್ಟಿಗೆ ಕಬ್ಬೂರನ್ನು ರಸ್ತೆಯಿಂದ ಎತ್ತಿ ಹೊಲದಾಚೆ ಇಡಿಸಬೇಕು. ಬಾಯಾರಿದವರು ಎದುರಿಗೆ ಹಾದುಹೋಗುವಾಗ ಸುಮ್ಮನೆ ಕೂಡುವ ಅಭ್ಯಾಸ ನಮ್ಮೂರಿನವರಿಗಿಲ್ಲ. ಪಂಢರಪುರದ ದಿಂಡಿಯವರಿಗೂ ನೀರು ಕೊಡುತ್ತೇವೆ, ಸವದತ್ತಿಗೆ ನಡೆದು ಹೋಗುವವರಿಗೂ ಕೊಡುತ್ತೇವೆ, ಅವರನ್ನು ಯಾವ ದೇವರೂ ಈವರೆಗೆ ಅನರ್ಹಗೊಳಿಸಿಲ್ಲ.

ಇಷ್ಟು ಹೊತ್ತು ನಗುತ್ತ ಬರೆದೆ. ಒಂದು ಮಾತು ನಗದೆ ಬರೆಯುತ್ತೇನೆ. ಅಂದು ಮನೆಗೆ ಬಂದ ಹುಡುಗಿ ಅಳಲಿಲ್ಲ. "ನನ್ನಿಂದ ಹಿಂಗಾತಲ್ಲವಾ" ಎಂದು ನಾನೇ ಅತ್ತಾಗ, "ಸುಮ್ನಿರ್ರಿ ಅತ್ತಿ, ಆ ಮಜ್ಜಗಿ ಇಲ್ಲಂದ್ರ ನಾ ರಾಯಬಾಗ ಮುಟ್ಟತಿದ್ದಿಲ್ಲ" ಎಂದಳು. ಬೆಳಿಗ್ಗೆ ಸೂರ್ಯ ಹುಟ್ಟುವವರೆಗೆ ಬಾಗಿಲಲ್ಲೇ ಕುಳಿತಿದ್ದು, ಹುಟ್ಟಿದ ಮೇಲೆ ತಂಬಿಗೆ ಎತ್ತಿ ಗಟಗಟ ಕುಡಿದಳು. ಅವಳು ಓಡಿ ಮುಗಿಸಿದ್ದಾಳೆ. ತಾವು ಬರೆದುಕೊಳ್ಳದಿದ್ದರೂ ಮುಗಿಸಿದ್ದಾಳೆ.

ಸೂರ್ಯ ಮುಳುಗುವವರೆಗೆ ಮಾತ್ರ ತಮ್ಮ ವಿಶ್ವಾಸಿ,
ಸುಗಂಧಾ ನೇಮಿನಾಥ ಮಗದುಮ್ಮ
ಕಬ್ಬೂರ

ತಾ.ಕ.: ತಮ್ಮ ನಿಯಮಗಳನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಒಬ್ಬ ಸ್ಪರ್ಧಿ ಇನ್ನೊಬ್ಬ ಸ್ಪರ್ಧಿಗೆ ನೀರು, ಆಹಾರ ಕೊಡಬಹುದು ಎಂದಿದೆ. ಮೂವರು ಸೇರಿ ಒಂದು ತಂಡವಾಗಿ, ಒಬ್ಬರು ಈಜಿ, ಒಬ್ಬರು ಸೈಕಲ್ ತುಳಿದು, ಒಬ್ಬರು ಓಡಬಹುದು ಎಂದೂ ಇದೆ. ಓಡಲೇಬೇಕೆಂದಿಲ್ಲ, ನಡೆದರೂ ನಡೆಯುತ್ತದಂತೆ. ಆದ್ದರಿಂದ ಮುಂದಿನ ವರ್ಷ ತೃಪ್ತಿ ಎಂದಿನಂತೆ ಒಬ್ಬಳೇ ಬರುತ್ತಾಳೆ, ನಮ್ಮದು ಬೇರೆ ತಂಡ: ಅವಳ ತಮ್ಮ ಸುಹಾಸ ಈಜುತ್ತಾನೆ, ನನ್ನ ಮಗ ಕುಣಾಲ ಸೈಕಲ್ ತುಳಿಯುತ್ತಾನೆ, ಮೊಣಕಾಲು ಏನೇ ಅನ್ನಲಿ, ಮುನಿಗಳು ಊರಿಂದೂರಿಗೆ ವಿಹಾರ ಹೊರಟಾಗ ಅವರ ಹಿಂದೆ ಬರಿಗಾಲಲ್ಲಿ ನಡೆದು ರೂಢಿಯಿರುವ ನಾನು ಚಿಕ್ಕೋಡಿಯಿಂದ ನಡೆಯುತ್ತೇನೆ. ಹೆಸರು ಕೊಟ್ಟಾಗಿದೆ, ತಾವೇ ನಂಬರನ್ನೂ ಕಳಿಸಿದ್ದೀರಿ. ಮಜ್ಜಿಗೆಯ ಗಡಿಗೆಯನ್ನು ಹೊರಗಿನವರ ಕೈ ತಾಗದ ಹಾಗೆ ಚಿಕ್ಕೋಡಿಯಿಂದಲೇ ನನ್ನ ತಲೆಯ ಮೇಲೆ ಹೊತ್ತು ತಂದು, ನನ್ನ ಕಟ್ಟೆಯ ಮೇಲೆ ಕುಳಿತು ಸೊಸೆಯ ದಾರಿ ಕಾಯುತ್ತೇನೆ. ಬಿಳಿ ಟೋಪಿಯವರಿಗೂ ಒಂದು ಲೋಟ ಎತ್ತಿಟ್ಟಿರುತ್ತೇನೆ, ಹೊತ್ತು ಮುಳುಗುವುದರೊಳಗೆ ಬರಲು ಹೇಳಿ.