ಗಡ್ಡದ ಸಿಸ್ಟರಿಗೆ ನಿಲುವಂಗಿ ಹೊಲಿದದ್ದು

ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು. ಅದು ನನಗಿಲ್ಲವೆಂಬುದು ಐವತ್ತನೆಯ ವಯಸ್ಸಿನಲ್ಲಿ, ಸಿಂಗಪುರದ ಆಂಗ್ ಮೋ ಕಿಯೋ ಬಡಾವಣೆಯ ನಮ್ಮ ಒಂಬತ್ತನೆಯ ಮಹಡಿಯ ಮನೆಯಲ್ಲಿ, ನಾಲ್ಕು ಕರಿಯ ನಿಲುವಂಗಿಗಳ ಎದುರಿಗೆ ನನಗೆ ಗೊತ್ತಾಯಿತು. ಜಾಣರು ಒಂದು ಚಿಕ್ಕ ಸುಳ್ಳು ಹೇಳಿ ಸುಮ್ಮನಾಗುತ್ತಾರೆ. ನಾನು ಒಂದು ಸುಳ್ಳು ಹೇಳಿ, ಪಾಪ ಅದು ಒಂಟಿಯಾಯಿತಲ್ಲ ಎಂದು ಮರುಗಿ, ಅದಕ್ಕೆ ಅಣ್ಣತಮ್ಮಂದಿರನ್ನು ಹುಟ್ಟಿಸಿ, ಕೊನೆಗೆ ಆ ಸಂಸಾರವನ್ನು ಸಾಕಲಾರದೆ ಸಿಕ್ಕಿಬೀಳುತ್ತೇನೆ.

ಇದೆಲ್ಲ ಶುರುವಾದದ್ದು ನನ್ನ ಹೊಲಿಗೆ ಮಶೀನಿನಿಂದ. ಇಲ್ಲಿನ ಕನ್ನಡದ ಹೆಂಗಸರ ಸೀರೆಗೆ ಫಾಲ್ ಹಚ್ಚುವುದು, ದಪ್ಪಗಾದವರ ಬ್ಲೌಸು ಬಿಚ್ಚಿ ಅಗಲ ಮಾಡುವುದು, ಸಣ್ಣಗಾಗಿದ್ದೇವೆಂದು ನಂಬಿದವರದನ್ನು ಮುಟ್ಟದೆ ಇಸ್ತ್ರಿ ಮಾಡಿ ವಾಪಸು ಕೊಡುವುದು, ಇದಿಷ್ಟು ನನ್ನ ವಿದ್ಯೆ. ಒಂದು ದಿನ ಪಕ್ಕದ ಮನೆಯ ಮೆಲ್ವಿನ್ ಬಾಗಿಲಲ್ಲಿ ನಿಂತಿದ್ದ. ನಲವತ್ತು ದಾಟಿದ, ಒಬ್ಬನೇ ಇರುವ ಚೀನೀ ಮನುಷ್ಯ. ಪಾಯಾ ಲೆಬಾರಿನ ಆಫೀಸೊಂದರಲ್ಲಿ ಕೆಲಸ. ಲಿಫ್ಟಿನಲ್ಲಿ ಸಿಕ್ಕರೆ ಮಳೆ ಬರುತ್ತದೋ ಇಲ್ಲವೋ ಎಂಬುದರ ಆಚೆಗೆ ನಮ್ಮ ಮಾತು ಹೋದದ್ದಿಲ್ಲ. ಕೈಯಲ್ಲಿ ಕರಿಯ ಬಟ್ಟೆಯ ಗಂಟು. ಅವನ ಸಿಂಗಪುರದ ಇಂಗ್ಲಿಷನ್ನು ಕನ್ನಡಕ್ಕೆ ತಂದರೆ ಅವನು ಹೇಳಿದ್ದು ಇಷ್ಟು: “ಆಂಟಿ, ನಮ್ಮ ಚಾರಿಟಿ ಗ್ರೂಪಿನ ಡ್ರೆಸ್ಸು. ಸ್ವಲ್ಪ ಲೂಸ್ ಮಾಡಿಕೊಡಕ್ಕಾಗುತ್ತಾ?”

ಬಿಚ್ಚಿ ನೋಡಿದರೆ ಕ್ರೈಸ್ತ ಸನ್ಯಾಸಿನಿಯರ ಉದ್ದನೆಯ ನಿಲುವಂಗಿಗಳು, ಬಿಳಿಯ ತಲೆವಸ್ತ್ರಗಳು. ಒಂದೊಂದರ ಎದೆಯ ಸುತ್ತಳತೆ ನಲವತ್ತೆರಡು ಇಂಚು. ಮಠದಲ್ಲಿ ಊಟ ಚೆನ್ನಾಗಿರಬೇಕು ಎಂದುಕೊಂಡು ಕೆಲಸಕ್ಕೆ ಕುಳಿತೆ.

ಮುಂದಿನ ಶನಿವಾರ ತರಕಾರಿ ತಂದು ಲಿಫ್ಟಿನ ಗುಂಡಿ ಒತ್ತಿದೆ. ಬಾಗಿಲು ತೆರೆದರೆ ಒಳಗೆ ನಾಲ್ವರು ಸಿಸ್ಟರುಗಳು. ಮುಖಕ್ಕೆ ಸುಣ್ಣ ಬಳಿದಷ್ಟು ಬಿಳಿ ಬಣ್ಣ, ರೆಪ್ಪೆಗಳು ಚಿಟ್ಟೆಯ ರೆಕ್ಕೆಯ ಹಾಗೆ, ಒಬ್ಬರಿಗೆ ಮಿರುಗುವ ಪುಡಿ ಉದುರಿಸಿದ ಗಡ್ಡ. ಆ ಗಡ್ಡದ ಸಿಸ್ಟರು, “ಆಂಟಿ, ಕಂಕುಳಲ್ಲಿ ಪರ್ಫೆಕ್ಟ್ ಆಗಿ ಕೂತಿದೆ!” ಎಂದು ಕೈಯೆತ್ತಿ ತೋರಿಸಿದಾಗ ಅದು ಮೆಲ್ವಿನ್ ಎಂದು ಗುರುತಾಯಿತು. ಗುರುತಾದ ಮೇಲೂ ನನ್ನ ಬಾಯಿಂದ ಹೊರಟದ್ದು “ಗುಡ್ ಈವ್ನಿಂಗ್, ಸಿಸ್ಟರ್.”

ಮನೆಗೆ ಬಂದು ಮಗಳನ್ನು ಹಿಡಿದು ಕೇಳಿದೆ. ಇಲ್ಲೇ ಹುಟ್ಟಿ ಬೆಳೆದ ಅವಳು ಫೋನಿನಿಂದ ತಲೆ ಎತ್ತದೆ, “ಅಮ್ಮಾ, ಅವ್ರು ಡ್ರ್ಯಾಗ್ ನನ್ಸ್ ಲಾ. ಗಂಡಸರು ನನ್ಸ್ ಥರ ಡ್ರೆಸ್ ಮಾಡ್ಕೊಂಡು ಚಾರಿಟಿ ವರ್ಕ್ ಮಾಡ್ತಾರೆ. ಇಡೀ ಬ್ಲಾಕಿಗೆ ಗೊತ್ತು, ನಿಂಗೊಬ್ಳಿಗೇ ಗೊತ್ತಿಲ್ಲ” ಎಂದಳು. ಗಂಡಸರು ಹೆಣ್ಣುವೇಷ ಹಾಕುವುದು ನನಗೆ ಹೊಸದೇನಲ್ಲ. ಬಾಗಲಕೋಟೆಯಲ್ಲಿ ನನ್ನ ಸೋದರಮಾವ ನಾಟಕದಲ್ಲಿ ರಾಣಿಯಾಗಲು ಅಜ್ಜಿಯ ಇಳಕಲ್ ಸೀರೆ ಒಯ್ದು, ಸಿಂಹಾಸನದ ಮೊಳೆಗೆ ಸಿಕ್ಕಿಸಿ ಹರಿದುಕೊಂಡು ಬಂದಿದ್ದ. ಆದರೆ ಮಾವನ ವೇಷ ನಾಟಕ ಮುಗಿದ ಕೂಡಲೇ ಕಳಚುತ್ತಿತ್ತು. ಇವರ ಕೆಲಸ ಶುರುವಾಗುವುದೇ ವೇಷ ಹಾಕಿದ ಮೇಲೆ.

ಮರುದಿನ ಕೇಳಿದ್ದಕ್ಕೆ ಮೆಲ್ವಿನ್ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದ. ಗಂಡಸರನ್ನು ಪ್ರೀತಿಸುವ ಗಂಡಸರು, ಹೆಂಗಸರನ್ನು ಪ್ರೀತಿಸುವ ಹೆಂಗಸರು, ಹುಟ್ಟಿದ ದೇಹ ತಮ್ಮದಲ್ಲವೆನ್ನಿಸಿದವರು, ಇಂಥವರಲ್ಲಿ ಮನೆಯವರು ದೂರವಿಟ್ಟವರು ಎಷ್ಟೋ ಜನ. ಅವರು ರಕ್ತಪರೀಕ್ಷೆಗೆ ಹೋಗಲು ಹೆದರಿದರೆ ಜೊತೆಗೆ ಹೋಗುವುದು, ವಯಸ್ಸಾದವರಿಗೆ ಊಟ ಒಯ್ಯುವುದು, ಯಾರೂ ಇಲ್ಲದವರ ಹುಟ್ಟುಹಬ್ಬಕ್ಕೆ ಕೇಕು ಒಯ್ಯುವುದು ಇವರ ಕೆಲಸ. ಅವನೂ ಅಂಥವನೇ, ಶನಿವಾರ ಮಾತ್ರ ‘ಸಿಸ್ಟರ್ ಕಾಯಾ’. ಕಾಯಾ ಎಂದರೆ ಇಲ್ಲಿನವರು ಬ್ರೆಡ್ಡಿಗೆ ಸವರುವ ತೆಂಗಿನಕಾಯಿಯ ಸಿಹಿ. “ಅದಕ್ಕೆ ಈ ವೇಷ ಯಾಕಪ್ಪಾ?” ಎಂದೆ. “ಆಫೀಸ್ ಶರ್ಟ್ ಹಾಕ್ಕೊಂಡು ಹೋದ್ರೆ ಇನ್ಶೂರೆನ್ಸ್ ಮಾರೋಕೆ ಬಂದೆ ಅಂದ್ಕೋತಾರೆ ಆಂಟಿ. ಹೀಗೆ ಹೋದ್ರೆ ಮೊದ್ಲು ನಗ್ತಾರೆ, ಆಮೇಲೆ ತಾವಾಗೇ ಕಷ್ಟ ಹೇಳ್ಕೋತಾರೆ.”

ಇಷ್ಟು ತಿಳಿದ ಮೇಲೆ ನಾನು ಧೈರ್ಯವಂತಳಾಗಬೇಕಿತ್ತು. ಆದರೆ ತಿಂಗಳಿಗೊಮ್ಮೆ ನಮ್ಮ ಮನೆಯಲ್ಲಿ ವಚನಗಾಯನಕ್ಕೆ ಸೇರುವ ಪಾಟೀಲ ಆಂಟಿಯ ಕಣ್ಣಿಗೆ ಮತ್ತೊಮ್ಮೆ ಹೊಲಿಗೆಗೆ ಬಂದು ನಡುಮನೆಯಲ್ಲಿ ತೂಗುಹಾಕಿದ್ದ ನಿಲುವಂಗಿಗಳು ಬಿದ್ದುವು. ಅವರು ವಿಜಯಪುರದ ಕಡೆಯವರು. ದೊಡ್ಡ ಕಂಠ, ಅದಕ್ಕಿಂತ ದೊಡ್ಡ ಅನುಮಾನ. “ಏನ್ರೀ ಇದು? ಚರ್ಚಿಗೆ ಸೇರಿದ್ರಾ?” ಎಂದರು. “ಅಯ್ಯೋ, ಮಗಳ ಕಾಲೇಜಿಂದು, ನಾಟಕ” ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. “ಇವಳೇ ಹೀರೋಯಿನ್” ಎಂದೆ. “ಪ್ರೈಜೂ ಬಂತು” ಎಂದೆ. ವಿಭೂತಿ ಹಚ್ಚಿಕೊಂಡು, ಕೈಯಲ್ಲಿ ವಚನದ ಪುಸ್ತಕ ಹಿಡಿದುಕೊಂಡು ಇಷ್ಟನ್ನೂ ಹೇಳಿದೆ. ಪಾಟೀಲ ಆಂಟಿ ಒಂದು ಅಂಗಿಯ ಎದೆಯಗಲವನ್ನು ಗೇಣಿನಿಂದ ಅಳೆದು ನೋಡಿದರು.

ಎರಡು ವಾರದ ಮೇಲೆ ಮೆಲ್ವಿನ್ ಮತ್ತೆ ಬಂದ. ಈ ಸಲ ಕೈಯಲ್ಲಿ ಬಟ್ಟೆಯಿಲ್ಲ, ಫೋನಿತ್ತು. ನರ್ಸಿಂಗ್ ಹೋಮಿನಲ್ಲಿ ಅವರು ನೋಡಿಕೊಳ್ಳುವ ಮುದುಕರೊಬ್ಬರಿಗೆ ಲಕ್ವಾ ಹೊಡೆದು ಇಂಗ್ಲಿಷ್, ಮಲಯ್ ಎಲ್ಲ ಮರೆತುಹೋಗಿದೆ. ಯಾವುದೋ ಭಾಷೆಯಲ್ಲಿ ಕೂಗುತ್ತಾರೆ. ತಮಿಳು ಬಲ್ಲ ಸಿಸ್ಟರೊಬ್ಬ ಕೇಳಿ ಇದು ತಮಿಳಲ್ಲ ಎಂದಿದ್ದಾನೆ. “ಒಂದು ಪದ ಮಾತ್ರ ಅರ್ಥ ಆಯ್ತು ಆಂಟಿ. ಮ್ಯಾಗಿ ಕೇಳ್ತಾರೆ. ದಿನಾ ಮಾಡಿಕೊಟ್ರೂ ತಟ್ಟೆ ತಳ್ತಾರೆ” ಎಂದು ಮೆಲ್ವಿನ್ ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದ ದನಿ ಕೇಳಿಸಿದ.

“ಇದನ್ನ ಒಲ್ಲೆ ಅಂದ್ನೆಲ್ಲೋ ತಮ್ಮಾ! ಮಜ್ಜಗಿ! ಮಜ್ಜಗಿ ಕೊಡ!”

ನನಗೆ ನಗು ಬಂತು, ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಮೊಸರು ಕಡೆದು, ಉಪ್ಪು ಜೀರಿಗೆ ಹಾಕಿ, ಬಾಟಲಿಗೆ ತುಂಬಿಕೊಂಡು ಅವತ್ತೇ ಮೆಲ್ವಿನ್ ಜೊತೆ ಹೊರಟೆ.

ಮುದುಕರ ಹೆಸರು ಈರಪ್ಪ. ಹರೆಯದಲ್ಲಿ ಹಡಗು ರಿಪೇರಿಯ ಕೆಲಸಕ್ಕೆಂದು ಬಂದು ಇಲ್ಲೇ ಉಳಿದವರು. ಎರಡು ಲೋಟ ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು, “ಯಾ ಊರವ್ವಾ ನಿಂದು?” ಎಂದರು. “ಬಾಗಲಕೋಟಿರಿ” ಎಂದೆ. “ನಂದು ಗುಳೇದಗುಡ್ಡ” ಎಂದು ನನ್ನ ಕೈ ಹಿಡಿದುಕೊಂಡರು. ಮಂಚದ ಪಕ್ಕದಲ್ಲಿ ಒಂದು ಫೋಟೋ ಇತ್ತು. ಬನಿಯನ್ ತೊಟ್ಟು, ಬೆಕ್ಕನ್ನು ಎತ್ತಿಕೊಂಡು ನಿಂತ ಚೀನೀ ಮುದುಕ. ಯಾರೆಂದು ಕೇಳಿದೆ. ಈರಪ್ಪನವರು ಸೀದಾ ನನ್ನ ಮುಖ ನೋಡಿ, “ನಮ್ಮ ಮನಿಯವರು. ಹೋಗಿ ಎರಡ ವರ್ಷ ಆತು” ಎಂದರು.

ನಾನು ಇಪ್ಪತ್ತೈದು ವರ್ಷಗಳಿಂದ ದಿನಕ್ಕೆ ಹತ್ತು ಸಲ ಆಡುವ ಮಾತು ಅದು. “ಬೆಕ್ಕು ಎಲ್ಲೈತ್ರಿ?” ಎಂದು ಕೇಳಿದೆ. “ಮೆಲ್ವಿನ್ ಮನ್ಯಾಗ ಐತಿ. ಮೈ ಬಂದೈತಿ ಅದಕ್ಕ” ಎಂದು ನಕ್ಕರು. ಊರಿನವರಿಗೆ ಸಂಗತಿ ತಿಳಿದ ಮೇಲೆ ಕಾಗದ ಬರುವುದು ನಿಂತಿತಂತೆ. ಹೊರಡುವಾಗ, “ವಚನ ಹಾಡವರು ಯಾರರೆ ಅದಾರೇನವ್ವಾ? ಕಿವಿಗೆ ಬಿದ್ದು ಭಾಳ ವರ್ಷ ಆತು” ಎಂದರು.

ನನಗೆ ಹಾಡಲು ಬರುವುದಿಲ್ಲ. ಪಾಟೀಲ ಆಂಟಿಗೆ ಬರುತ್ತದೆ. ಅಂದರೆ ನನ್ನ ಸುಳ್ಳಿನ ಸಂಸಾರವನ್ನೆಲ್ಲ ಅವರ ಮುಂದೆ ಸಾಲಾಗಿ ನಿಲ್ಲಿಸಬೇಕು. ಫೋನು ಹಚ್ಚಿ ಒಂದೇ ಉಸಿರಿನಲ್ಲಿ ಎಲ್ಲ ಹೇಳಿ, ಶನಿವಾರ ಸ್ಟೇಷನ್ನಿಗೆ ಬರುತ್ತೀರಾ ಎಂದು ಕೇಳಿದೆ. ಅವರು, “ನಾಟಕ ಅಲ್ಲ ಅಂತ ಅವತ್ತೇ ಗೊತ್ತಾಗಿತ್ತು ಬಿಡ್ರಿ. ಅಷ್ಟು ಅಗಲ ಎದೆ ಕಾಲೇಜು ಹುಡ್ಗೀರಿಗೆಲ್ಲಿರುತ್ತೆ? ಆದ್ರೆ ಅಂಥವರ ನಡುವೆ ಕೂತು ವಚನ ಹೇಳೋದು… ನನಗ್ಯಾಕೋ ಸರಿ ಅನ್ಸಲ್ಲ” ಎಂದು ಫೋನಿಟ್ಟರು. ನನಗೆ ಅವರ ಮೇಲೆ ಸಿಟ್ಟು ಬಂತು. ಎರಡು ವಾರದ ಹಿಂದೆ ನಾನೂ ಅಂಗಿಗಳನ್ನು ಮಗಳ ತಲೆಗೆ ಕಟ್ಟಿದ್ದೆನೆಂಬುದು ನೆನಪಾಗಿ, ಆ ಸಿಟ್ಟೂ ಗಟ್ಟಿಯಾಗಿ ನಿಲ್ಲಲಿಲ್ಲ.

ಶನಿವಾರ ಎಂಆರ್‌ಟಿ ರೈಲು ಸ್ಟೇಷನ್ನಿನಲ್ಲಿ ನಾಲ್ವರು ಸಿಸ್ಟರುಗಳ ಜೊತೆ ನಿಂತಿದ್ದೆ. ಜನ ಒಮ್ಮೆ ನೋಡಿ ತಮ್ಮ ಫೋನಿಗೆ ಮರಳುತ್ತಿದ್ದರು. ಎಸ್ಕಲೇಟರಿನಲ್ಲಿ ಪಾಟೀಲ ಆಂಟಿ ಮೇಲೆದ್ದು ಬಂದರು; ರೇಷ್ಮೆ ಸೀರೆ, ಕೈಯಲ್ಲಿ ವಿಭೂತಿಯ ಡಬ್ಬಿ. ಮೆಲ್ವಿನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ ನನ್ನತ್ತ ತಿರುಗಿ, “ಹೆಮ್ಮಿಂಗು ಸೊಟ್ಟ ಆಗಿದೆ” ಎಂದರು. ರೈಲಿನಲ್ಲಿ ಗಡ್ಡದ ಸಿಸ್ಟರು ಎದ್ದು ಸೀಟು ಕೊಟ್ಟಾಗ ಕುಳಿತರು. ನರ್ಸಿಂಗ್ ಹೋಮಿನಲ್ಲಿ ಈರಪ್ಪನವರ ಹಣೆಗೆ ತಾವೇ ವಿಭೂತಿ ಹಚ್ಚಿ, ಕಣ್ಣು ಮುಚ್ಚಿ ಹಾಡಿದರು. ಈರಪ್ಪನವರು ನೆಟ್ಟಗಿದ್ದ ಒಂದು ಕೈಯಿಂದ ತೊಡೆಯ ಮೇಲೆ ತಾಳ ಹಾಕಿದರು. ಒಬ್ಬ ಸಿಸ್ಟರು ಅತ್ತರು; ಅಂಟಿಸಿಕೊಂಡಿದ್ದ ರೆಪ್ಪೆ ಕಳಚಿ ಕೆನ್ನೆಗೆ ಇಳಿಯಿತು. ಪಾಟೀಲ ಆಂಟಿ ಹಾಡು ನಿಲ್ಲಿಸದೆ ತಮ್ಮ ಕರವಸ್ತ್ರವನ್ನು ಅತ್ತ ಚಾಚಿದರು.

ಆಮೇಲೆ ಪ್ರತಿ ಶನಿವಾರವೂ ಹೋಗತೊಡಗಿದೆವು. ಪಾಟೀಲ ಆಂಟಿ ಹಾಡುವುದು, ನಾನು ಮಾತಾಡುವುದು. ಎಷ್ಟೋ ವರ್ಷ ಕನ್ನಡವನ್ನೇ ಕೇಳದ ಜೀವ ಎಂದು ಬಾಗಲಕೋಟೆಯ ಸಂತೆಯಿಂದ ಹಿಡಿದು ನಮ್ಮತ್ತೆಯ ಮಂಡಿನೋವಿನವರೆಗೆ ಒಂದನ್ನೂ ಬಿಡದೆ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ತಲ್ಲೀನತೆ ಎಂದುಕೊಂಡಿದ್ದೆ.

ಮೂರು ತಿಂಗಳಾದ ಮೇಲೆ ಮೆಲ್ವಿನ್ ಓಡಿಬಂದು, “ಆಂಟಿ, ಅಂಕಲ್‌ಗೆ ಇಂಗ್ಲಿಷ್ ವಾಪಸ್ ಬಂತು! ಇವತ್ತು ಒಂದು ಪೂರ್ತಿ ವಾಕ್ಯ ಹೇಳಿದ್ರು!” ಎಂದ. ಏನು ಹೇಳಿದರೆಂದು ಆಸೆಯಿಂದ ಕೇಳಿದೆ. ಮೆಲ್ವಿನ್ ಚಪ್ಪಲಿ ನೋಡಿಕೊಂಡು ನಿಂತ. ಬಿಡದೆ ಪೀಡಿಸಿದ ಮೇಲೆ, “‘ಮಜ್ಜಿಗೆ ಆಂಟಿ ಬಹಳ ಒಳ್ಳೆಯವಳು. ಆದರೆ ಸ್ವಲ್ಪ ಕಮ್ಮಿ ಮಾತಾಡೋಕೆ ಹೇಳು’ ಅಂದ್ರು” ಎಂದ.

ಸಂಜೆ ಟುವಾಸ್‌ನ ಫ್ಯಾಕ್ಟರಿಯಿಂದ ಬಂದ ನಮ್ಮ ಮನೆಯವರಿಗೆ ಇದನ್ನು ನಗುತ್ತಲೇ ಹೇಳಿದೆ. ಎಷ್ಟು ಕರೆದರೂ ಒಂದು ದಿನವೂ ನರ್ಸಿಂಗ್ ಹೋಮಿನ ಕಡೆ ಬಂದವರಲ್ಲ ಅವರು. ಅರ್ಧ ಬಿಚ್ಚಿದ್ದ ಬೂಟನ್ನು ಹಾಗೆಯೇ ಬಿಟ್ಟು ಕೂತು, ಯೋಚಿಸಿ, ಆ ಮಹಾನುಭಾವರನ್ನು ಒಮ್ಮೆ ನೋಡಲೇಬೇಕೆಂದು ಬರುವ ಶನಿವಾರಕ್ಕೆ ರಜೆ ಹಾಕಿದರು.