ಮಾಳಿಗೆಯಿಂದ ತಿರುವಿದ ಆಕಾಶ

ನಿಜಗುಣಪ್ಪನಿಗೆ ಬಂದ ಕಷ್ಟಕ್ಕೆಲ್ಲ ಅವನ ಬಾಯಿಯೇ ಮೂಲ. ದೊಡವಾಡದಲ್ಲಿ ಹಿಟ್ಟಿನ ಗಿರಣಿ ನಡೆಸುವವನು ಗಿರಣಿಯ ಸದ್ದಿನ ಮೇಲೆ ಮಾತಾಡಿ ರೂಢಿಯಾದವನು. ಆ ರೂಢಿಯನ್ನು ಗಿರಣಿಯಲ್ಲೇ ಬಿಟ್ಟು ಹೋಗಬೇಕಿತ್ತು; ರಾಮದುರ್ಗದ ಸಂತೆಗೂ ಒಯ್ದುಬಿಟ್ಟ.

"ಮುಂಬೈದಾಗ ನಮ್ಮಾಕಿ ತಮ್ಮನ ಮನ್ಯಾಗ ಟೀವಿ ನೋಡಿದ್ನಿ ನೋಡ್ರಿ. ಚುಕ್ಕಿಲೋಕಕ್ಕ ಹೊಂಟ ಹಡಗಿನ ಕತಿ! ವಾರಕ್ಕೊಂದು ಅಧ್ಯಾಯ. ಅದ ಟೀವಿ ಈಗ ನಮ್ಮನಿಗೆ ಬಂದೈತಿ. ಐತಾರ ಸಂಜಿಮುಂದ ಬರ್ರಿ, ತೋರಸ್ತೇನಿ."

ಇದನ್ನು ಕೇಳಿಸಿಕೊಂಡವರು ಅಲ್ಲಿಯ ಹತ್ತಿ ದಲಾಲಿ ಉಳವಪ್ಪನವರು. ಮಗನಿಗೆ ಹೆಣ್ಣು ನೋಡುತ್ತಿದ್ದರು. ನಿಜಗುಣಪ್ಪನ ಮಗಳು ಪದ್ಮವ್ವನೋ, ಸಂಗೊಳ್ಳಿಯ ಇನ್ನೊಂದು ಹುಡುಗಿಯೋ ಎಂದು ಅವರ ಮನಸ್ಸು ತೂಗಾಡುತ್ತಿತ್ತು.

"ಬರೂಣ್ರಿ. ಟೀವಿ ನೋಡಿಧಂಗೂ ಆತು, ಮಾತು ಮುಗಿಸಿಧಂಗೂ ಆತು. ಆದರ ಒಂದ ಹೇಳತೇನಿ, ಸುಳ್ಳು ಹೇಳೋ ಮಂದಿ ಜೋಡಿ ಬೀಗತನ ನಮಗ ಆಗಿಬರೂದಿಲ್ಲ."

ಟೀವಿ ಮನೆಗೆ ಬಂದದ್ದು ನಿಜ. ಅದರ ಜೊತೆ ಬಂದ ಕಾಗದದಲ್ಲಿ ಮೈದುನ, "ಅಲ್ಲಿ ಚಿತ್ರ ಬರೋದು ಅನುಮಾನ" ಎಂದು ಬರೆದಿದ್ದ. ನಿಜಗುಣಪ್ಪ ಅದನ್ನು ಮಡಚಿ ಗೂಡಿನಲ್ಲಿಟ್ಟ. "ರೇಡಿಯೋ ಬರತೈತಿ, ಇದಕ್ಕೇನ ರೋಗ?"

ರೋಗ ಏನೆಂದು ಐತವಾರ ಬೆಳಿಗ್ಗೆ ತಿಳಿಯಿತು. ಕರೆಯದೆಯೇ ಎಲ್ಲ ಕೆಲಸಕ್ಕೂ ಹಾಜರಾಗುವ ಪಕ್ಕದ ಮನೆಯ ಲಗಮಪ್ಪ, ಬಿದಿರಿಗೆ ಎರಿಯಲ್ ಕಟ್ಟಿಕೊಂಡು ಮಾಳಿಗೆ ಏರಿದ.

"ಬಂತೇನೋ ಕಾಕಾ?"

"ಇಲ್ಲೋ!"

ಮಧ್ಯಾಹ್ನದ ಹೊತ್ತಿಗೆ ಎರಿಯಲ್ಲು ಎಂಟೂ ದಿಕ್ಕಿನ ದರ್ಶನ ಮಾಡಿ ಮುಗಿಸಿತ್ತು. ಟೀವಿಯಲ್ಲಿ ಮಾತ್ರ ಎಳ್ಳು ಅಕ್ಕಿ ಕೂಡಿಸಿ ಮೊರದಲ್ಲಿ ಕೇರಿದಂತೆ ಕರಿ ಬಿಳಿ ಚುಕ್ಕಿಗಳ ಕುಣಿತ, ಬಜಿ ಕರಿಯುವ ಸದ್ದು. ಎದುರು ಮನೆಯ ಬಾಯವ್ವ, "ದೃಷ್ಟಿ ಆಗೈತಿ ತಗೋ ಅಣ್ಣಾ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಓಣಿಯೆಲ್ಲ ಕೆಮ್ಮಿತು. ಟೀವಿ ಕೆಮ್ಮಲಿಲ್ಲ.

ಐದು ಗಂಟೆಯ ಬಸ್ಸಿಗೆ ಉಳವಪ್ಪನವರು ಇಬ್ಬರು ಹಿರಿಯರೊಡನೆ ಬಂದಿಳಿದರು. ಕಾಲಿಗೆ ನೀರು, ಅವಲಕ್ಕಿ, ಚಹಾ ಎಲ್ಲ ಆಯಿತು. ಓಣಿಗೆ ಓಣಿಯೇ ಪಡಸಾಲೆಯಲ್ಲಿ ತುಂಬಿತು.

"ಹಚ್ರಿ ಮತ್ತ" ಎಂದರು ಉಳವಪ್ಪನವರು.

ಹಚ್ಚಿದ. ಅದೇ ಎಳ್ಳು, ಅದೇ ಅಕ್ಕಿ. ಬಾಗಿಲ ಮರೆಯಲ್ಲಿ ಹೆಂಡತಿ ಸಾವಂತ್ರೆವ್ವ ಸೆರಗು ಬಾಯಿಗೆ ಇಟ್ಟುಕೊಂಡಳು. ಅವಳ ಹಿಂದೆ ಪದ್ಮವ್ವನ ಮುಖ ಬಾಡಿತು. ಆ ಮುಖ ನೋಡಿ ನಿಜಗುಣಪ್ಪ ಕಣ್ಣು ಮುಚ್ಚಿದ. ಇಪ್ಪತ್ತು ವರುಷ ಶ್ರಾವಣಮಾಸದಲ್ಲಿ ಮಠದ ಕಂಬಕ್ಕೆ ಒರಗಿ ಪುರಾಣ ಕೇಳಿದವನು. ಒಂದು ಪದ್ಯ ಓದಿ ಒಂದು ತಾಸು ಅರ್ಥ ಹೇಳುವ ವರಸೆ ಅವನ ನೆತ್ತರಿಗೇ ಇಳಿದಿತ್ತು. ನಾಲಿಗೆ ತಾನಾಗಿ ಹೊರಳಿತು.

"ಇದ ನೋಡ್ರಿ, ಆಕಾಶ! ಒಂದೊಂದು ಚುಕ್ಕಿ ಒಂದೊಂದು ಲೋಕ."

"ಹಡಗ ಎಲ್ಲೈತ್ರಿ?"

"ನಾವ ಹಡಗಿನ್ಯಾಗ ಕುಂತೇವಲ್ರಿ! ಬಸ್ಸಿನ್ಯಾಗ ಕುಂತವಗ ಬಸ್ಸಿನ ಮಾರಿ ಕಾಣತೈತೇನ್ರಿ?"

ಉಳವಪ್ಪನವರು ತಲೆದೂಗಿದರು. "ಬರೋಬರಿ. ಈ ಸಪ್ಪಳ?"

"ಇಂಜಿನ್ರಿ."

"ಬಂತೇನೋ ಕಾಕಾ?" ಮಾಳಿಗೆಯಿಂದ ಕೂಗು.

"ಬಂತೋ ಬಂತು! ಅಳ್ಳಾಡಬ್ಯಾಡ!"

"ಒಳಗಿನವರು ಉಣ್ಣಾಕ ಏನ ಮಾಡ್ತಾರಣ್ಣಾ?" ಎಂದಳು ಬಾಯವ್ವ.

"ಬುತ್ತಿ ಐತೆವ್ವ. ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಆರ ತಿಂಗಳಾದ್ರೂ ಕೆಡೂದಿಲ್ಲ."

ಧ್ವನಿ ಏರಿತು. ಹಡಗು ಏಳು ಮೋಡ ದಾಟಿತು. ಹೊಸ ಲೋಕವೊಂದು ಕಂಡಿತು. "ಅಲ್ಲಿ ಸುಳ್ಳು ಹೇಳಿದವನ ಮೈ ಹಸರಾಗತೈತ್ರಿ!" ಎಂದ ನಿಜಗುಣಪ್ಪ. ಬಾಯವ್ವ ಟೀವಿ ಬಿಟ್ಟು ಅವನ ಮೈಯನ್ನೇ ಒಂದು ಗಳಿಗೆ ನೋಡಿದಳು. ಉಳವಪ್ಪನವರು ಮಾತ್ರ ಕೈ ಮುಗಿದು, ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. "ಎಷ್ಟು ದೊಡ್ಡದಪಾ ಶಿವನ ಸೃಷ್ಟಿ!"

ಅದೇ ಹೊತ್ತಿಗೆ ಮಾಳಿಗೆಯ ಮೇಲೆ ಲಗಮಪ್ಪನ ಕಾಲು ಜೋಮು ಹಿಡಿಯಿತು. ಅವನು ಬಿದಿರಿನ ಮೇಲೆ ಭಾರ ಬಿಟ್ಟ. ಎರಿಯಲ್ಲು ಒಂದು ಗೇಣು ವಾಲಿತು. ಯಾವ ಪುಣ್ಯವೋ, ಚುಕ್ಕಿಗಳೆಲ್ಲ ಅಳಿಸಿ ಹೋಗಿ ತೊಳೆದ ಕನ್ನಡಿಯಂಥ ಚಿತ್ರ ಬಂತು! ಮುಂಬೈಯಲ್ಲಿ ನೋಡಿದ ಅದೇ ಕತೆ, ಅದೇ ಹಡಗು, ಕುರ್ಚಿಯ ಮೇಲೆ ಅದೇ ನಾಯಕ, ಸುತ್ತ ಮಿಣುಕುವ ದೀಪ.

ನಿಜಗುಣಪ್ಪ ಮೈಮರೆತು ಜಿಗಿದ. "ಬಂತು! ಇದ ನೋಡ್ರಿ ಹಡಗು!"

ಉಳವಪ್ಪನವರ ಹುಬ್ಬು ಗಂಟಿಕ್ಕಿತು. "ಯಾರ್ರೀ ಇವರು?"

"ಹಡಗಿನವರ್ರಿ!"

"ಹಡಗೇನ್ರಿ ಇದು? ಯಾವುದೋ ಕಚೇರ್ಯಾಗ ಕಾರಕೂನರು ಕುಂತಾಂಗ ಕುಂತಾರ. ಗ್ವಾಡಿ ಐತಿ, ಬಾಗಲಾ ಐತಿ, ಆಕಾಶ ಎಲ್ಲೈತಿ? ಇದು ಖೊಟ್ಟಿ! ಮೊದಲಿನದ ಹಚ್ರಿ."

"ಅಲ್ರಿ, ಇದ ಖರೇದು. ಮೊದಲಿನದು..." ಎಂದವನು ನಾಲಿಗೆ ಕಚ್ಚಿಕೊಂಡ. ಇದು ಖರೆ ಎಂದರೆ ಮೊದಲಿನದು ಏನು? ಬಾಗಿಲ ಮರೆಯಲ್ಲಿ ಸಾವಂತ್ರೆವ್ವನ ಬಳೆಗಳು ಜೋರಾಗಿ ಸದ್ದು ಮಾಡಿದವು.

"ಲಗಮಾ, ತಿರುವೋ!"

"ಚಿತ್ರ ಬಂತಂತಲ್ಲೋ ಕಾಕಾ?"

"ಅದಕ್ಕ ತಿರುವು ಅಂದ್ನಿ!"

ಎಳ್ಳು ಅಕ್ಕಿ ಮರಳಿ ಬಂದವು. ಪಡಸಾಲೆ ನಿಟ್ಟುಸಿರುಬಿಟ್ಟು ಹಗುರಾಯಿತು. ನಿಜಗುಣಪ್ಪ ಹಡಗನ್ನು ಅವಸರವಸರವಾಗಿ ಭೂಮಿಗೆ ಇಳಿಸಿದ. ಪುರಾಣವೆಂದ ಮೇಲೆ ಮಂಗಳವಾಗಬೇಕಲ್ಲ, ಬಾಯವ್ವ ಟೀವಿಗೆ ಕರ್ಪೂರ ಬೆಳಗಿದಳು.

ಉಳವಪ್ಪನವರು ಎದ್ದು ನಿಂತರು. "ಸಂಗೊಳ್ಳಿ ಮಾತು ಬಿಟ್ವಿ. ಪದ್ಮವ್ವ ನಮ್ಮ ಸೊಸಿ. ಹುಂಡಾ ಬ್ಯಾಡ, ಬಂಗಾರ ಬ್ಯಾಡ. ಈ ಪೆಟಿಗಿ ಒಂದು ಕೊಡ್ರಿ, ಸಾಕು."

"ಇವತ್ತ ಒಯ್ರಿ!" ಎಂದ ನಿಜಗುಣಪ್ಪ. ಕಾಡಿದ ಶನಿ ತಾನಾಗಿ ಹೊಸಿಲು ದಾಟುತ್ತಿತ್ತು. ಸಾವಂತ್ರೆವ್ವ ಸಕ್ಕರೆ ಹಂಚಿದಳು.

ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತ ಉಳವಪ್ಪನವರು ಮಾತು ಮುಂದುವರಿಸಿದರು. "ಆದರ ಬೀಗರ, ಬರೇ ಪೆಟಿಗಿ ಒಯ್ದು ಏನ ಮಾಡೂದು? ಅರ್ಥ ಹೇಳವರು ಬೇಕಲ್ರಿ. ಪ್ರತಿ ಐತಾರ ನೀವ ರಾಮದುರ್ಗಕ್ಕ ಬರಬೇಕು. ನಾನೂ ನಮ್ಮ ಓಣಿಯವರೂ ದಾರಿ ನೋಡತಿರ್ತೇವಿ. ವಾರಕ್ಕೊಂದು ಅಧ್ಯಾಯ, ನೀವ ಹೇಳೀರಲ್ಲ!"

ನಿಜಗುಣಪ್ಪನ ಬಾಯಲ್ಲಿ ಸಕ್ಕರೆ ಕರಗಲಿಲ್ಲ.

"ಹೋಗಿ ಬಾ ಅಣ್ಣಾ" ಎಂದಳು ಬಾಯವ್ವ ಮೆಲ್ಲಗೆ. "ಆದರ ಆ ಹಸರ ಲೋಕದ ಕಡೆ ಹಡಗ ಒಯ್ಯಬ್ಯಾಡ."

ನಿಜಗುಣಪ್ಪ ಮಡಚಿದ್ದ ಅಂಗಿಯ ತೋಳನ್ನು ಸದ್ದಿಲ್ಲದೆ ಮುಂಗೈತನಕ ಎಳೆದುಕೊಂಡ.